ದೋಣಿ ಶುಚಿ ಮಾಡಿಸಿದ ಮೇಲೇ ಮನೆ ಸೋರಿತು

ಮುಂದೆ ಮಂಗಳೂರು ಹೆಂಚು, ಹಿಂದೆ ಆಮೇಲೆ ಕಟ್ಟಿಸಿದ ಮೋಲ್ಡಿನ ಕೋಣೆ, ಎರಡೂ ಕೂಡುವ ಕಡೆ ಗೋಡೆ ಮೇಲೆ ಕೂತ ತಗಡಿನ ದೋಣಿ. ದಾವಣಗೆರೆಯಲ್ಲಿ ಇಂಥ ಮನೆಗಳು ಇನ್ನೂ ಇವೆ. ಹೆಂಚಿನ ನೀರು ದೋಣಿಗೆ ಬಿದ್ದು, ಮೂಲೆಯ ಪೈಪಿನಲ್ಲಿಳಿದು ಹೊರಗೆ ಹೋಗಬೇಕು. ಇಂಥದೇ ಒಂದು ಮನೆಯಲ್ಲಿ ಕೃತ್ತಿಕಾ ಮಳೆಗೆ ಮುಂಚೆ ಕೂಲಿ ಕೊಟ್ಟು ದೋಣಿಯ ಕಸ ತೆಗೆಸಿದರು. ಮೊದಲನೇ ದೊಡ್ಡ ಮಳೆಗೇ, ಅಲ್ಲಿಯವರೆಗೆ ಹನಿ ಕಾಣದ ನಡುಮನೆ ಗೋಡೆ ನೆನೆದು ಸ್ವಿಚ್ ಬೋರ್ಡಿನೊಳಕ್ಕೆ ನೀರಿಳಿಯಿತು. ಕಸ ಇದ್ದಾಗ ಸೋರದ ಮನೆ ಕಸ ತೆಗೆದ ಮೇಲೆ ಸೋರಿತು.

ನಡೆದದ್ದು ಇಷ್ಟು. ಇಬ್ಬರು ಮೇಲೆ ಹತ್ತಿದರು. ಕೈಯಲ್ಲಿ ಕಸಬರಿಗೆ ಇತ್ತು, ಕಬ್ಬಿಣದ ಸರಳಿತ್ತು, ಕಸ ತುಂಬಲು ಪುಟ್ಟಿ ಮಾತ್ರ ಇರಲಿಲ್ಲ. ಅಲ್ಲೇ ಎಡವಟ್ಟು ಶುರು. ದೋಣಿಯ ಕಸವನ್ನೆಲ್ಲ ಪೈಪಿನ ಬಾಯಿಗೆ ಗುಡಿಸಿ ಮೇಲೆ ಎರಡು ಬಕೆಟ್ ನೀರು ಹೊಯ್ದರು. "ನೋಡಣ್ಣಾ, ಹೆಂಗ ಹೋಗ್ತೈತಿ!" ಮೂರನೇ ಬಕೆಟ್ಟಿಗೆ ನೀರು ನಿಂತಿತು. ಸರಳು ಇಳಿಸಿ ನಾಲ್ಕು ಸಲ ಗುದ್ದಿದಾಗ ಟಪ್ ಅಂತ ಸದ್ದಾಗಿ ನೀರು ಸರಾಗ ಇಳಿಯಿತು. ಎಲ್ಲರಿಗೂ ಸಮಾಧಾನ. ಆ ಸದ್ದು ಗೋಡೆಯೊಳಗಿನ ಎಲ್ಬೋ (ಪೈಪು ತಿರುಗುವ ಕಡೆಯ ಬಾಗಿದ ತುಂಡು) ಒಡೆದದ್ದು ಅಂತ ಯಾರಿಗೂ ಹೊಳೆಯಲಿಲ್ಲ. ಆಮೇಲೆ ತಗಡಿನ ಕರಿ ಹೋಗಲೆಂದು ಬಾತ್‌ರೂಮ್ ಆ್ಯಸಿಡ್, ಅದರಿಂದ ಕಾಣಿಸಿಕೊಂಡ ಸಣ್ಣ ತೂತಿಗೆ ಸಿಮೆಂಟು.

ನಮ್ಮ ಕಡೆ ದೋಣಿಯಲ್ಲಿ ಕೂರುವುದು ಬರೀ ಎಲೆಯಲ್ಲ. ಚಳಿ ಕಳೆಯುತ್ತಲೇ ಹೊಂಗೆ ಎಲೆ, ಯುಗಾದಿ ಸುತ್ತಮುತ್ತ ಬೇವಿನ ಹೂವು, ಅದರ ಬೆನ್ನಿಗೇ ಹೊಂಗೆ ಹೂವು, ನಡುವೆ ಬೇಸಿಗೆಯ ಧೂಳು. ಮಂಡಕ್ಕಿ ಭಟ್ಟಿಗಳ ಕಡೆಯಾದರೆ ಹೊಗೆಯ ಮಸಿ. ಚಿತ್ರದುರ್ಗದಲ್ಲಿ ಬೆಟ್ಟದ ಬುಡದ ಮನೆಗಳಲ್ಲಿ ಕೋತಿಗಳು ಎಳೆದಾಡಿ ಒಡೆದ ಹೆಂಚಿನ ಚೂರೂ ಇರುತ್ತದೆ. ಕೈ ಹಾಕಿ ನೋಡಿದರೆ ಮೇಲಿನ ಪದರ ಒಣಗಿ ಹಗುರ, ತಳದ್ದು ದೋಸೆ ಹಿಟ್ಟಿನ ಹದದ ಕರಿ ಅಂಟು. ಈ ಅಂಟು ನೇರ ಪೈಪಿನಲ್ಲಿ ಜಾರುತ್ತದೆ, 90 ಡಿಗ್ರಿಯ ಎಲ್ಬೋದಲ್ಲಿ ಕೂರುತ್ತದೆ. ಹಿಂದಿನಿಂದ ಬಂದ ಎಲೆ ಅದರ ಮೇಲೆ ಚಾಪೆ ಹಾಸಿದ ಹಾಗೆ ಮುಚ್ಚಿಕೊಳ್ಳುತ್ತದೆ.

ಎರಡು ಬಕೆಟ್ ನೀರು ಹೋದ ಮಾತ್ರಕ್ಕೆ ಪೈಪು ಶುಚಿ ಅಂತಲ್ಲ. ಲೆಕ್ಕ ಹಾಕಿ: ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. 600 ಚದರ ಅಡಿಯ ಹೆಂಚು ಸುಮಾರು 56 ಚದರ ಮೀಟರು. ಅರ್ಧ ಗಂಟೆಯಲ್ಲಿ 40 ಮಿ.ಮೀ. ಬಿದ್ದರೆ 2,200 ಲೀಟರಿಗೂ ಹೆಚ್ಚು, ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ ನಾಲ್ಕು ಬಕೆಟ್ಟು, ಬಿಡುವಿಲ್ಲದೆ ಅರ್ಧ ಗಂಟೆ. ನಮ್ಮದು ಮಳೆ ಕಡಿಮೆಯ ಸೀಮೆ ನಿಜ, ಆದರೆ ಬಂದಾಗ ಹೀಗೇ ಒಟ್ಟಿಗೆ ಸುರಿಯುತ್ತದೆ. "ಇಲ್ಲಿ ಎಲ್ಲಿ ಮಳೆ ಆಗ್ತೈತಿ ಬಿಡ್ರಿ" ಅಂತ 3 ಇಂಚಿನ ಪೈಪು ಹಾಕಿ ಹೋಗುವವರ ಮಾತು ಕೇಳಬೇಡಿ. 4 ಇಂಚಿನದು ಒಯ್ಯುವ ನೀರಿನ ಅರ್ಧದಷ್ಟೂ 3 ಇಂಚಿನದು ಒಯ್ಯುವುದಿಲ್ಲ.

ಆ್ಯಸಿಡ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಮಾಡುವವರು ಬಹಳ. ಜಿಐ ತಗಡು ಅಂದರೆ ಕಬ್ಬಿಣದ ಮೇಲೆ ಸತುವಿನ ತೆಳು ಲೇಪ. ಆ್ಯಸಿಡ್ ಬಿದ್ದ ಕೂಡಲೇ ಬುಸ್ಸೆಂದು ನೊರೆ ಬರುತ್ತದೆ, ನೋಡಿದವರಿಗೆ ಕೊಳೆ ಕಿತ್ತು ಬರುತ್ತಿದೆ ಅನ್ನಿಸುತ್ತದೆ. ಕಿತ್ತು ಹೋಗುತ್ತಿರುವುದು ಸತು. ಲೇಪ ಹೋದ ತಗಡು ಒಂದೆರಡು ಮಳೆಗೇ ತುಕ್ಕು ಹಿಡಿಯುತ್ತದೆ. ಮೇಲೆ ಮೆತ್ತಿದ ಸಿಮೆಂಟಂತೂ ತಗಡಿಗೆ ಹೊಂದುವುದೇ ಇಲ್ಲ. 30 ಅಡಿ ದೋಣಿ ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ, 40 ಡಿಗ್ರಿ ವ್ಯತ್ಯಾಸವಾದರೆ, 4 ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಸಿಮೆಂಟು ಹಾಗೆ ಎಳೆದುಕೊಳ್ಳದೆ ಬಿರಿದು, ಬಿರುಕಿನಲ್ಲಿ ನೀರು ಹಿಡಿದಿಟ್ಟು ತುಕ್ಕನ್ನು ಇನ್ನೂ ಬೆಳೆಸುತ್ತದೆ. ಸಣ್ಣ ತೂತಿದ್ದರೆ ತುಕ್ಕು ಉಜ್ಜಿ, ಪೂರ್ತಿ ಒಣಗಿಸಿ, ನ್ಯೂಟ್ರಲ್ ಸಿಲಿಕೋನ್ (ತೂತು ಮುಚ್ಚುವ ಅಂಟು) ಹಚ್ಚಿ. ಡಬ್ಬಿ ತೆರೆದಾಗ ವಿನಿಗರಿನಂಥ ಹುಳಿ ವಾಸನೆ ಹೊಡೆಯುವ ಸಿಲಿಕೋನ್ ಬೇಡ, ಅದೂ ಸತು ತಿನ್ನುತ್ತದೆ. ಬೆರಳು ತೂರುವಷ್ಟು ತೂತಾಗಿದ್ದರೆ ತಗಡಿನ ಕೆಲಸದವರಿಂದ ಆ ತುಂಡನ್ನೇ ಬದಲಿಸಿ.

ಸರಿಯಾದ ಕ್ರಮದಲ್ಲಿ ಕಷ್ಟದ್ದೇನಿಲ್ಲ. ಹೊಂಗೆ ಹೂವು ಉದುರಿ ಮುಗಿದ ಮೇಲೆ, ಮೇ ಮೊದಲರ್ಧದಲ್ಲಿ ಒಮ್ಮೆ. ಉತ್ತರೆ, ಹಸ್ತ ಮಳೆಗಳಿಗೆ ಮುಂಚೆ, ಆಗಸ್ಟ್ ಕೊನೆಗೆ ಇನ್ನೊಮ್ಮೆ. ಮೊದಲು ಪೈಪಿನ ಬಾಯಿಗೆ ಗೋಣಿಚೀಲದ ಉಂಡೆ ತುರುಕಿ. ಅದಕ್ಕೊಂದು ಹಗ್ಗ ಕಟ್ಟಿರಲಿ, ಇಲ್ಲದಿದ್ದರೆ ಅದೇ ಒಳಗೆ ಹೋಗಿ ಕೂರುತ್ತದೆ. ಕಸವನ್ನು ಒಣಗಿದ್ದಾಗಲೇ ಕೈಯಿಂದಲೋ ಪ್ಲಾಸ್ಟಿಕ್ ಮರಿಗೆಯಿಂದಲೋ ಬಾಚಿ ಪುಟ್ಟಿಗೆ ತುಂಬಿ, ಕೆಳಗಿಳಿಸಿ. ಕರಣೆಯ ಚೂಪು ಮೂತಿಯಿಂದ ಕೆರೆಯಬೇಡಿ, ಗೀರಿದಲ್ಲೆಲ್ಲ ಸತು ಹೋಗುತ್ತದೆ. ಚೇಳು, ಕಡಜದ ಗೂಡು ಇರುತ್ತದೆ, ಬರಿಗೈ ಹಾಕಬೇಡಿ.

ಬಾಚಿದ ಮೇಲೆ ಗೋಣಿ ಉಂಡೆ ತೆಗೆಯದೆಯೇ ದೋಣಿಗೆ ನೀರು ಬಿಡಿ. 6 ಇಂಚು ಅಗಲ, 20 ಅಡಿ ಉದ್ದದ ದೋಣಿಯಲ್ಲಿ 3 ಇಂಚು ನೀರು ನಿಲ್ಲಲು ಸುಮಾರು 70 ಲೀಟರ್ ಬೇಕು. ಕಾಲು ಗಂಟೆ ಬಿಟ್ಟು ಒಳಗೆ ಗೋಡೆ, ಜಂತಿ ನೋಡಿ, ಒದ್ದೆಯಾದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಒಬ್ಬರು ಕೆಳಗೆ ಪೈಪಿನ ತುದಿಯಲ್ಲಿ ನಿಂತಿರಲಿ, ಮೇಲಿನವರು ಹಗ್ಗ ಎಳೆಯಲಿ. ನೀರು ರಭಸದಿಂದ ಬಂದು ಒಂದು, ಒಂದೂವರೆ ನಿಮಿಷದಲ್ಲಿ ದೋಣಿ ಖಾಲಿಯಾಗಬೇಕು. ಎಳೆ ಎಳೆಯಾಗಿ ಬಂದರೆ ಪೈಪು ಕಟ್ಟಿದೆ. ಮೇಲೆ ಇಳಿದಷ್ಟು ನೀರು ಕೆಳಗೆ ಬರದಿದ್ದರೆ ಗೋಡೆಯೊಳಗೆ ಎಲ್ಲೋ ಒಡೆದಿದೆ. ಆ ಮನೆಯಲ್ಲಿ ಇಷ್ಟು ಮಾಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. (ಸೂರಿನಂಚಿಗೆ ಕ್ಲ್ಯಾಂಪಿನಲ್ಲಿ ನೇತುಬಿದ್ದ ದೋಣಿಗೆ ಹೀಗೆ ನೀರು ತುಂಬಬೇಡಿ. ಭಾರಕ್ಕೆ ಕ್ಲ್ಯಾಂಪು ಕಿತ್ತು ಬರುತ್ತದೆ.) ದೋಣಿಯಲ್ಲಿ ಕೊನೆಗೂ ನೀರು ಉಳಿದರೆ ವಾಟ ಸರಿಯಿಲ್ಲ, ಹತ್ತು ಅಡಿಗೆ ಅರ್ಧ ಇಂಚಾದರೂ ಇಳಿಜಾರು ಬೇಕು. ನಿಂತ ನೀರಲ್ಲಿ ಹತ್ತು ದಿನದೊಳಗೆ ಡೆಂಗಿ ಸೊಳ್ಳೆ ಮೊಟ್ಟೆಯಿಂದೆದ್ದು ಹಾರುತ್ತದೆ.

ಕಟ್ಟಿದ ಪೈಪನ್ನು ಮೇಲಿಂದ ಗುದ್ದಿದರೆ ಕಸ ಇನ್ನೂ ಬಿಗಿಯಾಗುತ್ತದೆ. ಕೆಳಗಿನ ತುದಿಯಿಂದ ಹೋಸ್ ಪೈಪು ತೂರಿಸಿ ನೀರು ಬಿಡಿ, ಜಗ್ಗದಿದ್ದರೆ ಪ್ಲಂಬರ್‌ಗಳ ಸ್ಪ್ರಿಂಗ್ ವೈರು ತಿರುಗಿಸುತ್ತ ಹಾಕಿ. ಸರಳು ಮಾತ್ರ ಬೇಡ.

ಏಣಿ ಇಡುವ ಮುಂಚೆ ಕಂಬದಿಂದ ಮನೆಗೆ ಬಂದ ಸರ್ವಿಸ್ ವೈರ್ ಎಲ್ಲಿದೆ ನೋಡಿ. ಪಕ್ಕದಲ್ಲಿ ಸಿಮೆಂಟ್ ಶೀಟಿನ ಚಪ್ಪರವಿದ್ದರೆ ಅದರ ಮೇಲೆ ಕಾಲಿಡಬೇಡಿ, ಹಳೇ ಶೀಟು ಸದ್ದಿಲ್ಲದೆ ಮುರಿಯುತ್ತದೆ. ಗೋಡೆ ನೆನೆದು ಒದ್ದೆ ಸ್ವಿಚ್ ಬೋರ್ಡಿನ ಹತ್ತಿರ ಬಂದಿದ್ದರೆ ಮೇನ್ ಆಫ್ ಮಾಡಿ, ಗೋಡೆ ಒಣಗಿ ಎಲೆಕ್ಟ್ರಿಷಿಯನ್ ನೋಡುವವರೆಗೆ ಆನ್ ಮಾಡಬೇಡಿ.

ಆ ಮನೆಯಲ್ಲಿ ಗೋಡೆಯೊಳಗಿನ ಪೈಪನ್ನು ಹಾಗೇ ಬಿಟ್ಟು ಬಾಯಿ ಮುಚ್ಚಿದರು. ದೋಣಿಯ ಇನ್ನೊಂದು ತುದಿಗೆ ವಾಟ ತಿರುಗಿಸಿ, ಗೋಡೆಯ ಹೊರಗೆ 4 ಇಂಚಿನ ಪೈಪು ಇಳಿಸಿದ್ದಾರೆ. 90ರ ಎಲ್ಬೋ ಬದಲು ಎರಡು 45ರವು, ನೆಲದಿಂದ ಎರಡು ಅಡಿ ಮೇಲೆ ತಿರುಪು ಬಿಚ್ಚಿ ಕೈ ಹಾಕಬಹುದಾದ ಬಾಗಿಲಿನ ತುಂಡು. ಮೇಲಿನ ಬಾಯಿಗೆ ಗುಮ್ಮಟದ ಆಕಾರದ ಜಾಲಿ. ಚಪ್ಪಟೆ ಜಾಲಿಯಾದರೆ ನಾಲ್ಕು ಹೊಂಗೆ ಎಲೆ ಸಾಕು ಮುಚ್ಚಲು.