‘ಆ್ಯಂಟಿಕ್ ಕೋವಿ, ಲೈಸೆನ್ಸ್ ಬೇಡ’ ಅನ್ನುವವರಿಗೆ ಅಡ್ವಾನ್ಸ್ ಕೊಡಬೇಡಿ

ಹಳೇ ಶಿಕಾರಿ ರೈಫಲ್ ಹುಡುಕುತ್ತಿರುವವರು, ಮುಖ್ಯವಾಗಿ ಹಾಸನ, ಚಿಕ್ಕಮಗಳೂರು, ಕೊಡಗಿನ ಕಡೆಯವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಎಸ್ಟೇಟ್ ಬಂಗಲೆಗಳ ಹೆಸರು ಹೇಳಿಕೊಂಡು ರೈಫಲ್ ಮಾರುವ ಬ್ರೋಕರ್‌ಗಳು ಈ ಕಡೆ ಓಡಾಡುತ್ತಿದ್ದಾರೆ. ಅಂಥ ಒಬ್ಬನ ಕೈಯಲ್ಲಿ ನನ್ನ ಒಂದೂವರೆ ಲಕ್ಷ ಹೋಯಿತು. ಅದರ ಮೇಲೆ, ನಾನು ಕಳ್ಳ ಆಯುಧದ ವ್ಯಾಪಾರಿ ಅಲ್ಲ ಅಂತ ಸ್ಟೇಷನ್ನಿನಲ್ಲಿ ಕೂತು ರುಜುವಾತು ಮಾಡಬೇಕಾಗಿ ಬಂತು.

ನಾನು ಬೇಟೆಯಾಡುವವನಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ನನಗೆ ಇಷ್ಟ ಇರುವುದು ಆ ಕೆಲಸಗಾರಿಕೆ. ಹಳೇ ಜೋಡುನಳಿಗೆ ರೈಫಲ್ ಒಂದನ್ನು ಕೈಯಲ್ಲಿ ಹಿಡಿದು ಮುಚ್ಚಿದರೆ, ಉಕ್ಕಿಗೆ ಉಕ್ಕು ಕೂತ ಜಾಗದಲ್ಲಿ ಉಗುರು ತೂರಿಸಲೂ ಸಂದು ಇರುವುದಿಲ್ಲ. ಪ್ರತಿ ಬೋರಿನ, ಅಂದರೆ ನಳಿಗೆಯ ಒಳ ಅಳತೆಯ, ಹಿಂದೆಯೂ ಒಂದು ಚರಿತ್ರೆ ಇದೆ. 1907ರ ಸುಮಾರಿಗೆ ಬ್ರಿಟಿಷ್ ಸರ್ಕಾರ .450 ಬೋರಿನ ರೈಫಲ್‌ಗಳು ಭಾರತಕ್ಕೆ ಬರುವುದನ್ನು ತಡೆಯಿತು. ಆ ಗುಂಡುಗಳು ಬಂಡಾಯಗಾರರ ಕೈಗೆ ಸಿಕ್ಕು, ಸೈನ್ಯದ ಹಳೇ ರೈಫಲ್‌ಗಳಿಗೆ ಬಳಕೆಯಾದಾವು ಅನ್ನುವ ಭಯ. ಆ ತಡೆಯಿಂದಲೇ ಇಂಗ್ಲೆಂಡಿನ ಕೋವಿ ಕಂಪನಿಗಳು .465, .470 ಅಂತ ಹೊಸ ಬೋರುಗಳನ್ನು ಹುಟ್ಟುಹಾಕಿದವು. ಇಂಥ ರೈಫಲ್ ಒಂದಾದರೂ ಇರಲಿ ಅಂತ ಆಸೆಪಡುವವರ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ. 1980ರ ದಶಕದಲ್ಲಿ ವಿದೇಶಿ ಕೋವಿಗಳ ಆಮದು ನಿಂತ ಮೇಲೆ ದೇಶದೊಳಗೆ ಇರುವುದಷ್ಟೇ ಕೈಯಿಂದ ಕೈಗೆ ಹೋಗುತ್ತಿದೆ. ಬೆಲೆ ಏರಿದೆ, ಮೋಸವೂ ಏರಿದೆ.

ನನ್ನ ಹತ್ತಿರ ತಾತನ ಕಾಲದ ಹನ್ನೆರಡು ಬೋರಿನ ಜೋಡುನಳಿಗೆ ಇದೆ, ಲೈಸೆನ್ಸ್ ಇದೆ. ಎರಡನೇ ಆಯುಧವಾಗಿ ರೈಫಲ್ ಇಟ್ಟುಕೊಳ್ಳಲು ಅನುಮತಿಯೂ ಸಿಕ್ಕಿತ್ತು. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಸಾಮಾನ್ಯ ಲೈಸೆನ್ಸುದಾರನಿಗೆ ಎರಡೇ ಕೋವಿ. ಮೊದಲು ಮೂರಿತ್ತು. ಹಿರಿಯರಿಂದ ಬಂದದ್ದು ಅಂದರೂ ಲೆಕ್ಕ ಎರಡೇ. ಹಾಗಾಗಿ ನಮ್ಮ ದೇಶದಲ್ಲಿ ಗೋಡೆ ತುಂಬ ರೈಫಲ್ ತೂಗುಹಾಕಿಕೊಳ್ಳುವ ಸಂಗ್ರಹ ಅನ್ನುವುದು ಕಾನೂನಿನ ಒಳಗೆ ಆಗದ ಮಾತು. ಬ್ರೋಕರ್‌ಗಳು ಹಿಡಿದುಕೊಳ್ಳುವುದು ಇದೇ ಎಳೆಯನ್ನು.

ಮೊದಲ ಭೇಟಿಯಲ್ಲೇ ನನಗೆ ಸಿಕ್ಕ ಬ್ರೋಕರ್ ಅಂದದ್ದು, “ಇದು ಆ್ಯಂಟಿಕ್ ಸಾರ್, ನೂರು ವರ್ಷ ಆಗಿದೆ. ಲೈಸೆನ್ಸ್ ಯಾಕೆ? ಸುಮ್ನೆ ಗೋಡೆಗೆ ಹಾಕ್ಕೊಳ್ಳಿ.” ಇದು ಶುದ್ಧ ಸುಳ್ಳು. ಆಯುಧ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಹಳೇ ಮಾದರಿಯ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿದರೂ, ಮಾಡದಿದ್ದರೂ ಗುಂಡು ಹಾರಿಸಲು ಬಾರದಂಥದ್ದಕ್ಕೆ ಮಾತ್ರ. ಸ್ಪ್ರಿಂಗ್ ಮುರಿದಿದೆ, ಬೋಲ್ಟ್ ಕಳೆದುಹೋಗಿದೆ ಅಂದರೆ ಸಾಲದು. ಸರಿಮಾಡಿದರೆ ಹಾರುತ್ತದೆ ಅನ್ನುವುದಾದರೆ ಅದು ಕೋವಿಯೇ. ಅಟ್ಟದ ಮೇಲಿನ ಕೇಪಿನ ಕೋವಿಗೂ ಇದೇ ನಿಯಮ.

ನಾನು ಒಪ್ಪದಿದ್ದಾಗ ಎರಡನೇ ಸುಳ್ಳು ಬಂತು. “ಹಾಗಾದ್ರೆ ಕೊಡಗಿನ ಕೋವಿ ಕೊಡಿಸ್ತೀನಿ ಮಾರಾಯ್ರೆ, ಅದಕ್ಕೆ ಲೈಸೆನ್ಸೇ ಇಲ್ವಲ್ಲ.” ಇದನ್ನು ನಂಬಿದವರು ತುಂಬಾ ಜನ ಇದ್ದಾರೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ, ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿದಿದೆ. ಆದರೆ ವಿನಾಯಿತಿ ಇರುವುದು ಆ ಜನರಿಗೆ, ಆ ಕೋವಿಗಲ್ಲ. ನನ್ನ ಕೈಗೆ ಬಂದ ಕ್ಷಣದಿಂದ ಅದು ಲೈಸೆನ್ಸ್ ಇಲ್ಲದ ಆಯುಧ. ಮಗ ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇರುವ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಇಟ್ಟು ಪೂಜೆ ಮಾಡುವ ಜನರ ಹಕ್ಕನ್ನು ಇವನು ಹೀಗೆ ಬೀದಿ ವ್ಯಾಪಾರಕ್ಕೆ ಎಳೆಯುವುದು ನೋಡಿದರೆ ಮೈ ಉರಿಯುತ್ತದೆ.

ಕೊನೆಗೆ ‘ಕಾಗದ ಸರಿ ಇರುವ’ ರೈಫಲ್ ಅಂತ ಒಂದನ್ನು ತೋರಿಸಿದ. ಬಂಗಲೆಯ ದೊರೆ ಊರು ಬಿಡುವಾಗ ಎಸ್ಟೇಟಿನ ರೈಟರ್‌ಗೆ (ಗುಮಾಸ್ತನಿಗೆ) ಕೊಟ್ಟು ಹೋದದ್ದಂತೆ. ಬೋಲ್ಟ್ ಆ್ಯಕ್ಷನ್ (ಹಿಡಿಯನ್ನು ಕೈಯಿಂದ ಹಿಂದೆ-ಮುಂದೆ ಎಳೆದು ಗುಂಡು ತುಂಬುವ ಬಗೆ), .315 ಬೋರು. ಜೊತೆಗೆ ಮಾರುವವನ ಅಪ್ಪನ ಹೆಸರಿನ ಲೈಸೆನ್ಸಿನ ಜೆರಾಕ್ಸ್. ಅಪ್ಪ ತೀರಿಹೋಗಿದ್ದರು. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕಳಿಸಿ, ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ತೋರಿಸಿದ ಮೇಲೆಯೇ ಬಾಕಿ ಕೊಡುವುದು ಅಂತ ಕರಾರು ಬರೆಸಿದೆ.

ಅಂಗಡಿಯ ಹಿರಿಯ ಮೆಕ್ಯಾನಿಕ್ ರೈಫಲ್ಲನ್ನು ಕಿಟಕಿ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಬೋಲ್ಟ್ ಹಿಂದಿನ ಪಟ್ಟಿಯ ಮೇಲೆ ಬೆರಳಾಡಿಸಿ, “ಇಲ್ಲಿ ಉಜ್ಜಿದ್ದಾರೆ” ಅಂದರು. ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್‌ಗಳಲ್ಲಿ ಕಿರೀಟದ ಗುರುತು, ಇಸವಿ ಇರುವ ಜಾಗ ಅದು. ಅಲ್ಲಿ ಉಕ್ಕು ಕನ್ನಡಿ ಥರ ನುಣ್ಣಗಿತ್ತು, ಸುತ್ತ ಮಾತ್ರ ಹಳೇ ಕಪ್ಪು. ಆಮೇಲೆ .315ರ ಡಮ್ಮಿ ತೋಟಾ ಹಾಕಿದರು. ಅದರ ಕುತ್ತಿಗೆ ಒಳಗೆ ಹೋಯಿತು, ತೋಟಾ ಅಗಲವಾಗುವ ಭುಜದ ಹತ್ತಿರ ನಿಂತುಬಿಟ್ಟಿತು. ಎಷ್ಟು ಒತ್ತಿದರೂ ಮುಂದಕ್ಕೆ ಹೋಗಲಿಲ್ಲ. 7.9 ಮಿ.ಮೀ. ಗೇಜ್ ಸಲಾಕೆ ನಳಿಗೆಯ ಬಾಯಿಗೆ ಹಿಡಿದರೆ ಅದೂ ಇಳಿಯಲಿಲ್ಲ. .315 ಅಂದರೆ 8 ಮಿ.ಮೀ. ಬೋರು, ಸಲಾಕೆ ಸಲೀಸಾಗಿ ಇಳಿಯಬೇಕಿತ್ತು. ಸೈನ್ಯದ ಲೀ-ಎನ್‌ಫೀಲ್ಡಿನ ಬೋರು .303, ಅಂದರೆ 7.7 ಮಿ.ಮೀ. ರೈಫಲ್ಲಿನ ಮರದ ಭಾಗ ಬಿಚ್ಚಿದಾಗ ನಳಿಗೆಯ ಅಡಿಯಲ್ಲಿ ಅಗಲ ಬಾಣದ ಗುರುತು ಕಾಣಿಸಿತು. ಅದು ಬ್ರಿಟಿಷ್ ಸರ್ಕಾರಿ ಆಸ್ತಿಯ ಗುರುತು. ಮೇಲಿನ ‘.315’ ಮತ್ತು ನಂಬರು ಆಮೇಲೆ ಹೊಡೆದದ್ದು, ಅಕ್ಷರಗಳ ಅಂಚು ಇನ್ನೂ ಚೂಪಾಗಿತ್ತು.

ಈ ಮೋಸ ಸುಲಭ, ಯಾಕೆಂದರೆ ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ ಅಸಲಿ .315 ರೈಫಲ್ಲಿನ ಆ್ಯಕ್ಷನ್ನೂ ಲೀ-ಎನ್‌ಫೀಲ್ಡ್ ಮಾದರಿಯದೇ. ಮುಂದಿನ ಮರ ಕತ್ತರಿಸಿ, ಪಾಲಿಶ್ ಕೊಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ .303 ನಿಷೇಧಿತ ಬೋರು, ಸಾಮಾನ್ಯ ಲೈಸೆನ್ಸಿನಲ್ಲಿ ಇಟ್ಟುಕೊಳ್ಳುವಂತಿಲ್ಲ. .450 ತಡೆದ ಆ ಹಳೇ ಭಯವೇ ಇಲ್ಲೂ ಇದೆ, ಸೈನ್ಯದ ಗುಂಡು ಹೊರಗಿನ ಕೋವಿಗೆ ಹೊಂದಬಾರದು ಅಂತ. ನಿಷೇಧಿತ ಆಯುಧ ಅಕ್ರಮವಾಗಿ ಇಟ್ಟುಕೊಂಡರೆ ಈಗಿನ ಕಾನೂನಿನಲ್ಲಿ 7ರಿಂದ 14 ವರ್ಷದ ತನಕ ಶಿಕ್ಷೆ. ಇನ್ನೂ ಭಯಂಕರವಾದದ್ದು 8ನೇ ಸೆಕ್ಷನ್. ನಂಬರು ಅಳಿಸಿದ ಕೋವಿ ಯಾರ ಹತ್ತಿರ ಸಿಗುತ್ತದೋ, ಅಳಿಸಿದವನು ಅವನೇ ಅಂತ ಕಾನೂನು ಊಹಿಸಿಕೊಳ್ಳುತ್ತದೆ. ಅಲ್ಲ ಅಂತ ತೋರಿಸುವುದು ಅವನ ತಲೆನೋವು. ಆ ರೈಫಲ್ ನನ್ನ ಮನೆಗೆ ಬಂದಿದ್ದರೆ ಏನಾಗುತ್ತಿತ್ತು ಅಂತ ನೀವೇ ಯೋಚಿಸಿ.

ಮರ ಬಿಚ್ಚುತ್ತಿದ್ದಾಗಲೇ ಮಾರುವವನು ಟೀ ಕುಡಿದು ಬರುತ್ತೇನೆ ಅಂತ ಹೊರಗೆ ಹೋದ. ಬರಲಿಲ್ಲ. ಬ್ರೋಕರ್ ಫೋನ್ ಆಫ್. ಅಂಗಡಿಯವರು ಸ್ಟೇಷನ್ನಿಗೆ ತಿಳಿಸಿದರು, ತಿಳಿಸಲೇಬೇಕು. ಮಹಜರು ಆಯಿತು. ಕರಾರಿನಲ್ಲಿ ಹೆಸರಿದ್ದವನು, ಸ್ಥಳದಲ್ಲಿ ಇದ್ದವನು ನಾನೊಬ್ಬನೇ. ಹೇಳಿಕೆ ಕೊಟ್ಟೆ. ವಿಚಾರಣೆ ಮುಗಿಯುವ ತನಕ ತಾತನ ಜೋಡುನಳಿಗೆಯನ್ನೂ ಸ್ಟೇಷನ್ನಿನಲ್ಲಿ ಇಡಿಸಿದರು. ಲೈಸೆನ್ಸ್ ನವೀಕರಣ ಅಲ್ಲೇ ನಿಂತಿತು. ಮಳೆಗಾಲ ಪೂರ್ತಿ ಆ ಕೋವಿ ತೇವದ ಕೋಣೆಯಲ್ಲಿ ಎಣ್ಣೆ ಕಾಣದೆ ನಿಂತಿತ್ತು. ವಾಪಸ್ ಸಿಕ್ಕಾಗ ಬಲಗಡೆಯ ನಳಿಗೆಯ ಒಳಗೆ ತುಕ್ಕಿನ ಗುಳಿಗಳು ಬಿದ್ದಿದ್ದವು. ಮೂರು ತಲೆಮಾರು ಜೋಪಾನ ಮಾಡಿದ ಕೋವಿ ಅದು. ಹಣಕ್ಕಿಂತ ಜಾಸ್ತಿ ಇದು ನೋಯಿಸಿತು.

ಕೊಳ್ಳಲೇಬೇಕು ಅಂತಿದ್ದರೆ ಅಡ್ವಾನ್ಸಿಗಿಂತ ಮುಂಚೆ ಅಂಗಡಿ ಪರೀಕ್ಷೆ ಆಗಲಿ, ಮರ ಬಿಚ್ಚಿಯೇ ನೋಡಲಿ. ತೀರಿಹೋದವರ ಲೈಸೆನ್ಸ್ ತೋರಿಸಿದರೆ ಅಲ್ಲಿಗೇ ಎದ್ದು ಬನ್ನಿ. ವಾರಸುದಾರ ಮೊದಲು ಆ ಕೋವಿಯನ್ನು ಸ್ಟೇಷನ್ನಿನಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇಟ್ಟು, ತನ್ನ ಕಾಗದಪತ್ರ ಸರಿಮಾಡಿಕೊಂಡಿರಬೇಕು. ಲೈಸೆನ್ಸಿನಲ್ಲಿ ಯುಐಎನ್ (ಸರ್ಕಾರ ಕೊಡುವ ವಿಶಿಷ್ಟ ಗುರುತಿನ) ನಂಬರ್ ಇದೆಯಾ ನೋಡಿ. ಖಾಸಗಿಯಾಗಿ ಮಾರುವವನು ಯಾರಿಗೆ ಮಾರುತ್ತೇನೆ ಅಂತ ಡಿಸಿಗೋ ಹತ್ತಿರದ ಸ್ಟೇಷನ್ನಿಗೋ ಬರೆದು ತಿಳಿಸಿ 45 ದಿನ ಕಾಯಬೇಕು. ‘ಇವತ್ತೇ ಒಯ್ಯಿರಿ’ ಅನ್ನುವವನು ಕಾನೂನು ಪಾಲಿಸುತ್ತಿಲ್ಲ ಅಂತಲೇ ಅರ್ಥ.

ಈಗಾಗಲೇ ಅಡ್ವಾನ್ಸ್ ಕೊಟ್ಟು ಅನುಮಾನ ಬಂದಿದ್ದರೆ, ದುಡ್ಡಿನ ಆಸೆಗೆ ಆ ಕೋವಿಯನ್ನು ಮಾತ್ರ ಮನೆಗೆ ತರಬೇಡಿ. ಹಣ ಕಳಿಸಿದ ದಾಖಲೆ, ಮೆಸೇಜು, ಫೋಟೋ ಎಲ್ಲ ಹಿಡಿದುಕೊಂಡು ವಕೀಲರ ಜೊತೆ ನೀವೇ ಮೊದಲು ಸ್ಟೇಷನ್ನಿಗೆ ಹೋಗಿ. ಬ್ಯಾಂಕ್ ದಾಖಲೆ, ಕರಾರು, ಅಂಗಡಿಯವರ ಹೇಳಿಕೆ ಮೂರೂ ತಾಳೆಯಾದ ಮೇಲೆಯೇ ಪೊಲೀಸರು ನನ್ನ ಮಾತನ್ನು ಒಪ್ಪಿಕೊಂಡು ಸಾಕ್ಷಿ ಅಂತ ಬರೆದುಕೊಂಡರು.