ಮಾಂದಲಪಟ್ಟಿಯ ಸೂರ್ಯೋದಯಕ್ಕೆ ಜೀಪು ಗೊತ್ತುಮಾಡುವ ಮುನ್ನ ಇದನ್ನು ಓದಿ

ಉಡುಪಿಯವರಾದ ನಮಗೆ ಸೂರ್ಯಾಸ್ತಕ್ಕೆ ಬರವಿಲ್ಲ. ಮಲ್ಪೆಗೆ ಹೋದರೆ ಕಾಸು ಖರ್ಚಿಲ್ಲದೆ ಕಡಲಿಗಿಳಿಯುವ ಸೂರ್ಯ ಸಿಗುತ್ತಾನೆ. ಹುಟ್ಟುವ ಸೂರ್ಯ ಮಾತ್ರ ಘಟ್ಟದ ಆಚೆಯವನು. ನಮ್ಮ ತೆಂಗಿನ ಮರಗಳ ಮೇಲೆ ಬರುವಷ್ಟರಲ್ಲಿ ಅವನ ಕೆಂಪೆಲ್ಲ ಇಳಿದಿರುತ್ತದೆ. ಅಮ್ಮನಿಗೆ ಒಮ್ಮೆ ಘಟ್ಟದ ಮೇಲೆ, ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟದಲ್ಲಿ ಸೂರ್ಯೋದಯ ತೋರಿಸೋಣವೆಂದು ಹೊರಟು ಮೂರ್ಖನಾದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಮುಂದಿನ ವಾರ ನಿಮ್ಮಲ್ಲಿ ಯಾರೋ ಹೋಗಿ ಅದೇ ಜಗಲಿಯಲ್ಲಿ ಕೂರುವುದು ಬೇಡ.

ಜನವರಿಯ ಕೊನೆಯ ಶನಿವಾರ. ಕಲ್ಲಡ್ಕದಲ್ಲಿ ಅಲ್ಲಿನ ಹೆಸರಾಂತ ಕೇಟಿ ಚಹಾ ಕುಡಿದು, ಮಾಣಿಯಲ್ಲಿ ತಿರುಗಿ, ಪುತ್ತೂರು, ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ. ಅಲ್ಲಿಂದ ಮಾಂದಲಪಟ್ಟಿಯ ದಾರಿಯಲ್ಲೊಂದು ಹೋಂಸ್ಟೇ. ಬೆಟ್ಟದ ಕೊನೆಯ ಏರು ನಮ್ಮ ಸಣ್ಣ ಕಾರುಗಳಿಗೆ ಹೇಳಿಸಿದ್ದಲ್ಲ, ಜೀಪೇ ಬೇಕು. ಕೋಣೆಗೆ 3,500, ಜೀಪಿಗೆ 2,500, ಒಟ್ಟು 6,000 ರೂಪಾಯಿಯನ್ನು ಫೋನಿನಿಂದ ಮೊದಲೇ ಕಳುಹಿಸಿದ್ದೆ. ಪೂರ್ತಿ ಹಣ. ಹೌದು, ಪೂರ್ತಿ. ಅರ್ಧ ಕೊಟ್ಟರೆ ಸಾಕೆಂದು ಭಾವ ಹೇಳಿದ್ದರು, ನಾನು ಕೇಳಲಿಲ್ಲ.

‘ಸೂರ್ಯೋದಯ ಕಾಣುವ ಕೋಣೆ’ಯ ಕಿಟಕಿ ತೆರೆದರೆ ಎದುರಿಗೆ ಗುಡ್ಡ. ಕೇಳಿದ್ದಕ್ಕೆ ಮಾಲೀಕರು, “ಕಿಟಕಿ ಪೂರ್ವಕ್ಕೇ ಇದೆ ಸಾರ್, ನಡುವೆ ಗುಡ್ಡ ಬಂದಿದೆ ಅಷ್ಟೆ” ಎಂದರು. ಇರಲಿ, ಬೆಳಗ್ಗೆ ಜೀಪಿದೆಯಲ್ಲ ಎಂದು ಸುಮ್ಮನಾದೆ. ಅಲ್ಲೇ ಬುದ್ಧಿ ಬರಬೇಕಿತ್ತು.

ಜೀಪು ಐದು ಗಂಟೆಗೆ, ಅರಣ್ಯ ಇಲಾಖೆಯ ಗೇಟು ಆರಕ್ಕೆ ತೆರೆಯುತ್ತದೆ, ನೀವೇ ಮೊದಲಿಗರು ಎಂದು ಅವರೇ ಹೇಳಿದ್ದು. ಆ ದಿನಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಆರು ಐವತ್ತರ ಆಸುಪಾಸು. ನಾಲ್ಕೂ ಮುಕ್ಕಾಲಿಗೇ ಅಮ್ಮ ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಐದೂವರೆಗೆ ಕರೆ ಮಾಡಿದೆ: “ಹೊರಟಾಗಿದೆ ಸಾರ್.” ಆರಕ್ಕೆ: “ತಿರುವಿನಲ್ಲಿ ಇದ್ದಾರೆ ಸಾರ್.” ಆರೂವರೆಗೆ: “ಐದೇ ನಿಮಿಷ.” ಆಮೇಲೆ ಫೋನ್ ಎತ್ತಲೇ ಇಲ್ಲ. ಗುಡ್ಡದ ಹಿಂದೆ ಆಕಾಶ ಬೆಳ್ಳಗಾಗುತ್ತಾ ಬಂತು. ಅಮ್ಮ ಒಂದು ಮಾತೂ ಆಡಲಿಲ್ಲ.

ಏಳೂ ಹತ್ತಕ್ಕೆ ಜೀಪು ಬಂತು. ಹತ್ತಿದರೆ ಸೀಟಿನ ಮೇಲೆ ಯಾವುದೋ ಮಗುವಿನ ಉಣ್ಣೆಯ ಟೋಪಿ. “ಇದು ಯಾರದು?” ಎಂದರೆ ಚಾಲಕ, “ನಿನ್ನೆಯದು ಇರಬೇಕು ಸಾರ್” ಎಂದ.

ಮೇಲೆ ತಲುಪಿದಾಗ ಏಳೂ ಮುಕ್ಕಾಲು. ಸೂರ್ಯ ಆಗಲೇ ಮೇಲೇರಿ ಕಣ್ಣಿಗೆ ಚುಚ್ಚುತ್ತಿದ್ದ. ಅಲ್ಲಿ ಏಳೆಂಟು ಮಂದಿಯ ಒಂದು ಸಂಸಾರ ನಮ್ಮ ಜೀಪು ಕಂಡದ್ದೇ ಎದ್ದು ಬಂತು. ಒಬ್ಬ ಪುಟ್ಟ ಹುಡುಗ ನನ್ನ ಕೈಯಲ್ಲಿದ್ದ ಟೋಪಿಯನ್ನು ನೋಡಿ, “ಅದು ನನ್ನದು!” ಎಂದ.

ನನಗೆ ಎಲ್ಲ ಅರ್ಥವಾದದ್ದು ಆಗ. ಅವರು ಮೊದಲ ಟ್ರಿಪ್, ನಾವು ಎರಡನೆಯದು. ಐದರಿಂದ ನಾನು ಕಾಯುತ್ತಿದ್ದ ಜೀಪು ಇವರನ್ನು ಮೇಲೆ ಬಿಟ್ಟು ಬಂದ ಜೀಪು. ಆ ಹುಡುಗನ ತಾಯಿ ಪಾಪ, ಸಂಕೋಚದಿಂದಲೇ ತನ್ನ ಮೊಬೈಲಿನಲ್ಲಿ ಸೂರ್ಯೋದಯದ ಚಿತ್ರಗಳನ್ನು ಅಮ್ಮನಿಗೆ ತೋರಿಸಿದರು. ಅಷ್ಟು ದೂರ ಹೋಗಿ ಅಮ್ಮ ಸೂರ್ಯೋದಯ ನೋಡಿದ್ದು ಬೇರೆಯವರ ಮೊಬೈಲಿನಲ್ಲಿ!

ಚಾಲಕನನ್ನು ಕೇಳಿದೆ. “ಸೂರ್ಯ ಇದ್ದಾನಲ್ಲ ಸಾರ್, ಎಲ್ಲಿಗೆ ಹೋಗಿದ್ದಾನೆ?” ಎಂದು ಅವರನ್ನು ಹತ್ತಿಸಿಕೊಂಡು ಹೊರಟೇಬಿಟ್ಟ. ಮತ್ತೆ ನಮ್ಮನ್ನು ಕರೆದೊಯ್ಯಲು ಬಂದದ್ದು ಒಂದೂವರೆ ಗಂಟೆಯ ನಂತರ. ಕೆಳಗೆ ಮಾಲೀಕರು, “ಇವತ್ತು ಮಂಜು ಸಾರ್, ಮೊದಲು ಹೋದವರಿಗೂ ಏನೂ ಕಂಡಿಲ್ಲ” ಎಂದರು. ಚಿತ್ರ ನೋಡಿ ಬಂದಿದ್ದೇನೆ ಎಂದೆ. “ಜೀಪು ಹೋಗಿದೆ, ನೀವು ಹತ್ತಿದ್ದೀರಿ. ಸೂರ್ಯ ಹುಟ್ಟುವುದು ನನ್ನ ಕೈಯಲ್ಲಿದೆಯೇ?” ಎಂದು ನನ್ನನ್ನೇ ಕೇಳಿದರು. ಅಲ್ಲ ಸ್ವಾಮಿ, ಜೀಪು ನಿಮ್ಮ ಕೈಯಲ್ಲಿತ್ತಲ್ಲ!

ಹೋಗುವವರು ಹೋಗಿ, ಬೆಟ್ಟದ ತಪ್ಪೇನೂ ಇಲ್ಲ. ಜೀಪು ಹೇಳುವಾಗ ‘ನಮ್ಮದು ಎಷ್ಟನೆಯ ಟ್ರಿಪ್’ ಎಂದು ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಯಿಸಿಕೊಳ್ಳಿ. ಜೀಪಿನ ಹಣವನ್ನು ಬೆಟ್ಟ ಇಳಿದ ಮೇಲೆ ಕೊಡಿ. ಮೊದಲೇ ಪೂರ್ತಿ ಕೊಡಿ ಎನ್ನುವವರ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಬೇಡಿ.

ಜೀಪಿನ ಹಣದಲ್ಲಿ ಅರ್ಧವನ್ನಾದರೂ ಹಿಂದಿರುಗಿಸಿ ಎಂದು ಮೂರು ಸಂದೇಶ ಕಳುಹಿಸಿದ್ದೇನೆ. ಮೂರಕ್ಕೂ ನೀಲಿ ಗುರುತು ಬಿದ್ದಿದೆ, ಉತ್ತರವಿಲ್ಲ. ಭಾವ ಕೇಳಿದರೆ ಅಮ್ಮ, “ಚಳಿ ಚೆನ್ನಾಗಿತ್ತು” ಎಂದಷ್ಟೇ ಹೇಳುತ್ತಾರೆ.