ಪೈವಳಿಕೆಯ ನಡುವಿನ ಮನೆಗೆ ಎಷ್ಟು ಆದಾಯ? ಪ್ರಯತ್ನಿಸಿ ನೋಡಿದ ದಾರಿಗಳು

ಒಂದು ಪಂಚಾಯತಿನ ಮನೆಗಳನ್ನೆಲ್ಲ ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಮನೆಯ ಆದಾಯವೇ ಮಧ್ಯಾಂಕ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಪೈವಳಿಕೆ, ಎಣ್ಮಕಜೆಗಳಂತಹ ಊರುಗಳಿಗೆ ಸರಾಸರಿಗಿಂತ ಇದೇ ಮುಖ್ಯ. ಅಡಿಕೆಗೆ ಧಾರಣೆ ಏರಿದ ವರ್ಷ ಕೆಲವೇ ದೊಡ್ಡ ತೋಟಗಳು ಸರಾಸರಿಯನ್ನು ಎತ್ತಿಬಿಡುತ್ತವೆ. ಬೀಡಿ ಕಟ್ಟುವ ಮನೆ ಇದ್ದಲ್ಲೇ ಇರುತ್ತದೆ. ಅಮೆರಿಕದ ಜನಗಣತಿ ಸಂಸ್ಥೆ ತೆರಿಗೆ ದಾಖಲೆ ಮತ್ತು ಸಮೀಕ್ಷೆಗಳನ್ನು ಸೇರಿಸಿ ನಮ್ಮ ಜಿಲ್ಲೆಯನ್ನು ಹೋಲುವ ಪ್ರತಿ ಕೌಂಟಿಗೂ ವರ್ಷಕ್ಕೊಮ್ಮೆ ಈ ಅಂಕಿಯನ್ನು ಕೊಡುತ್ತದೆ. ನಮ್ಮಲ್ಲಿ ಪ್ರತಿ ಜಿಲ್ಲೆಗೂ ಅಂತಹ ವಾರ್ಷಿಕ ಸರಕಾರಿ ಅಂಕಿ ಇಲ್ಲ. ಆದ್ದರಿಂದ ನಾವೇ ಅಂದಾಜು ಮಾಡಬೇಕು.

ಸುಲಭದ್ದು ಜಿಲ್ಲೆಯ ತಲಾ ಆದಾಯ. ವರ್ಷ ವರ್ಷವೂ ಸಿಗುತ್ತದೆ, ಆದರೆ ಕಾಸರಗೋಡಿಗೆ ಇದು ಒಗ್ಗುವುದೇ ಇಲ್ಲ. ಅದು ಸರಾಸರಿ ಎಂಬುದಷ್ಟೇ ದೋಷವಲ್ಲ. ಜಿಲ್ಲೆಯೊಳಗೆ ಆದ ಉತ್ಪಾದನೆಯನ್ನು ಮಾತ್ರ ಅದು ಎಣಿಸುತ್ತದೆ. ದುಬೈಯಿಂದ ಮಗ ಕಳುಹಿಸುವ ಹಣ ಆ ಲೆಕ್ಕಕ್ಕೆ ಬರುವುದಿಲ್ಲ. ಗಲ್ಫ್ ಹಣವನ್ನು ಬಿಟ್ಟು ಈ ಜಿಲ್ಲೆಯ ಮನೆಗಳ ಆದಾಯ ಅಳೆಯಲು ಸಾಧ್ಯವೇ?

ಮುಂದಿನದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ. ತಿಂಗಳಿಗೆ 5,000ಕ್ಕಿಂತ ಕಡಿಮೆ, 5,000ದಿಂದ 10,000, ಅದಕ್ಕೂ ಹೆಚ್ಚು ಎಂಬ ಮೂರು ಹಂತಗಳು ಅದರಲ್ಲಿವೆ. 100 ಮನೆಗಳಲ್ಲಿ 40 ಕೆಳಹಂತದಲ್ಲೂ 30 ನಡುಹಂತದಲ್ಲೂ ಇದ್ದರೆ, ನಡುಹಂತದೊಳಗೆ ಮನೆಗಳು ಸಮವಾಗಿ ಹರಡಿವೆ ಎಂದು ಹಿಡಿದು ಮಧ್ಯಾಂಕ ಸುಮಾರು 6,667 ಎಂದು ತೆಗೆಯಬಹುದು. ಲೆಕ್ಕ ಚೆನ್ನಾಗಿದೆ, ಆದರೆ ಕೇಳಿದ್ದು ಮನೆಯಲ್ಲಿ ಅತಿ ಹೆಚ್ಚು ದುಡಿಯುವ ಒಬ್ಬರ ಆದಾಯವನ್ನು. ತಾಯಿಯ ಬೀಡಿ, ತಂದೆಯ ಕೂಲಿ, ಮಗನ ಆಟೋ ಮೂರೂ ಸೇರಿ ನಡೆಯುವ ಮನೆಯ ಆದಾಯದ ದೊಡ್ಡ ಪಾಲನ್ನು ಅದು ಮುಚ್ಚಿಹಾಕುತ್ತದೆ. ಮನೆಯ ಆರ್ಥಿಕ ವರ್ಗವನ್ನು ತೋರಿಸುವ ರೇಷನ್ ಕಾರ್ಡಿನ ಬಣ್ಣವೂ ಆದಾಯ ಪ್ರಮಾಣಪತ್ರವೂ ನನಗೆ ಪ್ರಯೋಜನಕ್ಕೆ ಬರಲಿಲ್ಲ. ಸೌಲಭ್ಯ ತಪ್ಪಬಾರದೆಂದು ಬಡವರು ಅಂಕಿಯನ್ನು ತಗ್ಗಿಸಿ ಹೇಳಿದರೆ ಅವರನ್ನು ದೂರುವುದು ಸರಿಯಲ್ಲ.

ಖರ್ಚನ್ನು ಕೇಳುವ ದಾರಿ ಇವೆಲ್ಲಕ್ಕಿಂತ ಮೇಲು. ಆದಾಯ ಹೇಳಲು ಹಿಂಜರಿಯುವವರು ಅಕ್ಕಿ, ಮೀನು, ಬಸ್ಸು, ಶಾಲೆಯ ಖರ್ಚನ್ನು ಸರಾಗವಾಗಿ ಹೇಳುತ್ತಾರೆ. ರಾಷ್ಟ್ರೀಯ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ 2022-23ರಲ್ಲಿ ಕೇರಳದ ಗ್ರಾಮಗಳಲ್ಲಿ ತಲಾ ಮಾಸಿಕ ವೆಚ್ಚ 5,924 ರೂಪಾಯಿ. ದೇಶದ ಗ್ರಾಮಗಳಲ್ಲಿ 3,773. ಆದರೆ ಆ ಸುತ್ತಿನಲ್ಲಿ ಪ್ರತಿ ಮನೆಗೆ ಮೂರು ಬಾರಿ ಹೋಗಿ ಕೇಳಿದರು, 2011-12ರಲ್ಲಿ ಹಾಗಿರಲಿಲ್ಲ. ಎರಡನ್ನೂ ನೇರವಾಗಿ ಪಕ್ಕಪಕ್ಕ ಇಟ್ಟು ಏರಿಕೆಯನ್ನು ಹೇಳಬಾರದು. ಇನ್ನೊಂದು ತೊಡಕು ನನ್ನನ್ನು ಹೆಚ್ಚು ಕಾಡುತ್ತದೆ. ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಬಾಧಿತರಿರುವ ಮನೆ ಸಾಲ ಮಾಡಿ ಮಂಗಳೂರಿನ ಆಸ್ಪತ್ರೆಗೆ ಹಣ ಸುರಿದ ವರ್ಷ, ಖರ್ಚಿನ ಲೆಕ್ಕದಲ್ಲಿ ಅದೇ ಮನೆ ಸ್ಥಿತಿವಂತವಾಗಿ ಕಾಣುತ್ತದೆ.

ನಾನು ಕೊನೆಗೆ ನೆಚ್ಚಿಕೊಂಡದ್ದು ಆದಾಯವನ್ನು ಮೂಲವೊಂದೊಂದಾಗಿ ಕೇಳುವುದನ್ನು. "ವರ್ಷಕ್ಕೆ ಎಷ್ಟು ಬರುತ್ತದೆ?" ಎಂದರೆ ಉತ್ತರ ಬರುವುದಿಲ್ಲ. ಎಷ್ಟು ಕ್ವಿಂಟಾಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಟ್ಟಿರಿ, ಯಾವ ತಿಂಗಳಲ್ಲಿ, ಯಾವ ಧಾರಣೆಗೆ ಎಂದರೆ ಬಿಲ್ಲುಗಳೇ ಹೊರಗೆ ಬರುತ್ತವೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ, ಗೊಬ್ಬರ, ಕೊಯ್ಲಿನ ಕೂಲಿಯನ್ನು ಅದರಿಂದ ಕಳೆಯಬೇಕು. ಅಟ್ಟದಲ್ಲಿ ಉಳಿಸಿಟ್ಟ ಹಳೆಯ ಅಡಿಕೆಯನ್ನು ಬೇರೆಯಾಗಿ ಬರೆದುಕೊಳ್ಳಬೇಕು. ಅದನ್ನು ಮಾರಿದ ವರ್ಷದ ಆದಾಯಕ್ಕೇ ಸೇರಿಸಿದರೆ ಹಿಂದಿನ ವರ್ಷ ಸುಳ್ಳುಬಡತನ ಕಾಣುತ್ತದೆ. ಬೀಡಿಗೆ ಪಾಸ್‌ಬುಕ್, ಉದ್ಯೋಗ ಖಾತರಿಗೆ ಜಾಬ್ ಕಾರ್ಡ್ ಇದೆ. ಕೇರಳದಲ್ಲಿ ಅದರ ದಿನಗೂಲಿ 2024-25ರಲ್ಲಿ 346 ರೂಪಾಯಿ ಇದ್ದುದರಿಂದ ದಿನ ಎಣಿಸಿದರೆ ಸಾಕು. ಗಲ್ಫ್ ಹಣ ಎಷ್ಟು ತಿಂಗಳು ಬಂತು, ಎಷ್ಟು ತಿಂಗಳು ಬರಲಿಲ್ಲ ಎಂದು ಎರಡೂ ಕೇಳಬೇಕು. ಮನೆಯಲ್ಲೇ ಬಳಸಿದ ತೆಂಗಿನಕಾಯಿ, ಹಾಲಿಗೂ ಬೆಲೆ ಕಟ್ಟಬೇಕು. ಮಲಯಾಳದ ನಮೂನೆ ಮುಂದಿಟ್ಟರೆ ಮೌನವಾಗುವ ಅಜ್ಜಿಯರು ತುಳುವಿನಲ್ಲೋ ಕನ್ನಡದಲ್ಲೋ ಕೇಳಿದರೆ ಪೈಸೆ ಪೈಸೆಯನ್ನೂ ನೆನಪಿಸಿಕೊಳ್ಳುತ್ತಾರೆ. ಗಡಿನಾಡಿನ ಸಮೀಕ್ಷೆಗಳಲ್ಲಿ ಇದನ್ನು ಕಡೆಗಣಿಸುವುದು ಅನ್ಯಾಯ, ಅಂಕಿಗೂ ಕೇಡು.

ಈ ದಾರಿಗೆ ಸಮಯ ಬೇಕು, ಮನೆಗಳ ಸಂಖ್ಯೆ ಕಡಿಮೆಯಾಗುತ್ತದೆ. ಅಮೆರಿಕದ ಸಣ್ಣ ಕೌಂಟಿಗಳಿಗೆ ಐದು ವರ್ಷಗಳ ಮಾದರಿಯನ್ನು ಒಟ್ಟುಗೂಡಿಸುವ ಕ್ರಮವಿದೆ. ಅದನ್ನು ಅನುಸರಿಸಿ ನಾನು ಮೂರು ವರ್ಷಗಳನ್ನು ಒಟ್ಟಿಗೆ ಹಿಡಿಯುತ್ತೇನೆ. ಅಡಿಕೆ ಧಾರಣೆಯ ಏರಿಳಿತ ಅದರಿಂದ ತಗ್ಗುತ್ತದೆ, ಆದರೆ ಕೊಳೆರೋಗ ಬಂದ ವರ್ಷದ ಪೆಟ್ಟೂ ಮಸುಕಾಗುತ್ತದೆ. ಹಳೆಯ ಅಂಕಿಗಳನ್ನು ಕೇರಳದ ಗ್ರಾಮೀಣ ಬೆಲೆ ಸೂಚ್ಯಂಕದಿಂದ ಸರಿಹೊಂದಿಸುತ್ತೇನೆ. ಮನೆ ಪಾಲಾಗುವುದನ್ನಂತೂ ಯಾವ ಸೂಚ್ಯಂಕವೂ ಸರಿಪಡಿಸದು: ಅಣ್ಣತಮ್ಮಂದಿರು ಬೇರೆಯಾದರೆ ಒಂದು ಆದಾಯ ಎರಡಾಗಿ ಒಡೆದು, ಯಾರೂ ಬಡವರಾಗದೆಯೇ ಮಧ್ಯಾಂಕ ಇಳಿಯಬಹುದು. ಹಾಗಾಗಿ ಪ್ರತಿ ಮನೆಯ ತಲೆಯೆಣಿಕೆಯನ್ನೂ ಬರೆದಿಟ್ಟುಕೊಂಡು, ತಲಾ ಆದಾಯದ ಮಧ್ಯಾಂಕವನ್ನು ಪಕ್ಕದ ಕಾಲಮಿನಲ್ಲಿ ಕೊಡುತ್ತೇನೆ.